ಟೊಮೆಟೊ ಗಿಡಕ್ಕೆ ಏನಾಗಿದೆ? ಸಿಂಪಡಿಸುವ ಮೊದಲು ಸರಿಯಾಗಿ ನೋಡಿ

ಟೊಮೆಟೊ ಗಿಡದಲ್ಲಿ ಒಂದೆರಡು ಎಲೆ ಹಳದಿಯಾದರೆ ಸಾಕು, ತುಂಬಾ ಜನ ಮೊದಲು ಹುಡುಕುವುದು ಸ್ಪ್ರೇ ಬಾಟಲಿಯನ್ನು. ಬೇವಿನ ಎಣ್ಣೆ, ಬೆಳ್ಳುಳ್ಳಿ ಕಷಾಯ, ಸೋಪಿನ ನೀರು, ಯಾರು ಏನು ಹೇಳಿದರೋ ಅದೆಲ್ಲ ಒಂದಾದ ಮೇಲೊಂದು ಗಿಡದ ಮೇಲೆ ಬೀಳುತ್ತದೆ. ಗಿಡ ಮಾತ್ರ ಸುಧಾರಿಸುವುದಿಲ್ಲ. ಯಾಕೆಂದರೆ ಎಷ್ಟೋ ಸಲ ಅದಕ್ಕೆ ಬೇಕಾಗಿದ್ದದ್ದು ಸ್ಪ್ರೇ ಅಲ್ಲ, ಒಂದೇ ಹದದಲ್ಲಿ ಸಿಗುವ ನೀರು.

ರಾಸಾಯನಿಕ ಬಳಸದೆ ತರಕಾರಿ ಬೆಳೆಯುವವರ ಕೈಯಲ್ಲಿ ರೋಗ ಬಂದ ಮೇಲೆ ವಾಸಿ ಮಾಡುವ ಔಷಧಿಗಳು ಬಹಳ ಕಡಿಮೆ. ನಮ್ಮ ಹತ್ತಿರ ಇರುವುದೆಲ್ಲ ಹೆಚ್ಚಾಗಿ ತಡೆಯುವ ದಾರಿಗಳು. ಅದಕ್ಕೇ ತೊಂದರೆ ಯಾವುದು ಅಂತ ಬೇಗ ಮತ್ತು ಸರಿಯಾಗಿ ಗುರುತಿಸುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಮೊದಲು ನೋಡುವುದು, ಆಮೇಲೆ ನೀರು, ಆಮೇಲೆ ಉಳಿದದ್ದು.

ಹೆಜ್ಜೆ 1: ಗಿಡದ ಮುಂದೆ ಕುಳಿತು ನೋಡಿ

ದೂರದಿಂದ ನೋಡಿದರೆ ಎಲ್ಲ ರೋಗವೂ ಒಂದೇ ಥರ ಕಾಣುತ್ತದೆ. ಹತ್ತಿರ ಹೋಗಿ, ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ತೊಂದರೆ ಶುರುವಾಗಿದ್ದು ಕೆಳಗಿನ ಹಳೇ ಎಲೆಗಳಲ್ಲೋ, ತುದಿಯ ಹೊಸ ಎಲೆಗಳಲ್ಲೋ? ಶಿಲೀಂಧ್ರದ ಚುಕ್ಕೆ ರೋಗಗಳು ಮತ್ತು ಸಾರಜನಕದ ಕೊರತೆ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬರುತ್ತವೆ. ವೈರಸ್ ರೋಗ, ಕಬ್ಬಿಣದ ಕೊರತೆ, ಕಳೆನಾಶಕದ ಹಾನಿ ಇವೆಲ್ಲ ಕುಡಿಯಲ್ಲಿ ಮೊದಲು ಕಾಣುತ್ತವೆ.

ಒಂದೇ ಗಿಡಕ್ಕೆ ಬಂದಿದೆಯೋ, ಇಡೀ ಮಡಿಗೋ? ಎಲ್ಲ ಗಿಡಗಳಲ್ಲೂ ಒಂದೇ ದಿನ ಒಂದೇ ಥರದ ಲಕ್ಷಣ ಕಾಣಿಸಿಕೊಂಡರೆ ಅದು ರೋಗಕ್ಕಿಂತ ಹೆಚ್ಚಾಗಿ ಬಿಸಿಲು, ನೀರು ಅಥವಾ ಗೊಬ್ಬರದ ವಿಷಯ. ರೋಗವಾದರೆ ಒಂದು ಕಡೆ ಶುರುವಾಗಿ ಹರಡುತ್ತದೆ.

ಎಲೆಯ ಅಡಿಭಾಗದಲ್ಲಿ ಏನಿದೆ? ತಿರುಗಿಸಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಬಿಳಿನೊಣ, ನುಸಿ, ಗಿಡಹೇನು, ಬೂಷ್ಟು, ಎಲ್ಲವೂ ಇರುವುದು ಅಲ್ಲೇ.

ಕೊನೆಯದಾಗಿ, ಬುಡದ ಹತ್ತಿರ ಮಣ್ಣಿಗೆ ಬೆರಳು ತೂರಿಸಿ. ಸುಮಾರು 5 ಸೆಂ.ಮೀ. ಆಳದಲ್ಲಿ ಮಣ್ಣು ಒಣಗಿದೆಯಾ, ತೇವ ಇದೆಯಾ, ಕೆಸರಾಗಿದೆಯಾ? ಮೇಲ್ಮಣ್ಣು ನೋಡಿ ನೀರು ಹಾಕುವವರೇ ಜಾಸ್ತಿ, ಆದರೆ ಮೇಲ್ಮಣ್ಣು ಬೇರಿನ ಕಥೆ ಹೇಳುವುದಿಲ್ಲ.

ಬೆಳಿಗ್ಗೆ ಹೊತ್ತು ನೋಡಿದರೆ ಒಳ್ಳೆಯದು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಆರೋಗ್ಯವಾಗಿರುವ ಗಿಡವೂ ಎಲೆ ಜೋತು ಹಾಕುತ್ತದೆ, ಸಂಜೆಗೆ ಸರಿಹೋಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮತ್ತೆ ನೀರು ಸುರಿದರೆ ಬೇರಿಗೆ ಗಾಳಿ ಸಿಗದೆ ನಿಜವಾದ ತೊಂದರೆ ಶುರುವಾಗುತ್ತದೆ.

ಹೆಜ್ಜೆ 2: ಮೊದಲು ನೀರನ್ನು ಸರಿಮಾಡಿ

ಕಾಯಿಯ ಅಡಿ ಕಪ್ಪಾಗುವುದು, ಹಣ್ಣು ಸೀಳುವುದು, ಎಲೆ ಮುದುಡುವುದು, ಹೂ ಉದುರುವುದು. ಈ ನಾಲ್ಕರಲ್ಲೂ ನೀರಿನ ಏರುಪೇರಿನ ಪಾಲಿದೆ. ಹಾಗಾಗಿ ಬೇರೆ ಏನನ್ನೂ ಮುಟ್ಟುವ ಮೊದಲು ಇದನ್ನು ಸರಿಮಾಡಿ, ಒಂದೆರಡು ವಾರ ಕಾದು ನೋಡಿ.

ಕಾಯಿಯ ಅಡಿ ಕೊಳೆಯುವುದರಿಂದ ಶುರು ಮಾಡೋಣ, ಯಾಕೆಂದರೆ ಇದರ ಬಗ್ಗೆ ಇರುವಷ್ಟು ತಪ್ಪು ಸಲಹೆಗಳು ಬೇರೆ ಯಾವುದರ ಬಗ್ಗೆಯೂ ಇಲ್ಲ. ತೊಟ್ಟಿನ ಎದುರು ತುದಿಯಲ್ಲಿ ಮೊದಲು ನೀರು ತುಂಬಿದಂಥ ಒಂದು ಕಲೆ, ಆಮೇಲೆ ಅದು ಕಂದು, ಕಪ್ಪು, ಚರ್ಮದ ಹಾಗೆ ಗಟ್ಟಿಯಾಗಿ ಒಳಕ್ಕೆ ಕುಸಿದ ಭಾಗ. ಇದು ರೋಗ ಅಲ್ಲ. ಯಾವ ಕ್ರಿಮಿಯೂ ಇದಕ್ಕೆ ಕಾರಣ ಅಲ್ಲ, ಒಂದು ಗಿಡದಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಬೆಳೆಯುತ್ತಿರುವ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಅಲ್ಲಿನ ಜೀವಕೋಶಗಳು ಸತ್ತಿವೆ, ಅಷ್ಟೇ.

ಕ್ಯಾಲ್ಸಿಯಂ ಕಡಿಮೆಯಾಗಿದೆ ಅಂದ ತಕ್ಷಣ ಮಣ್ಣಿನಲ್ಲಿ ಅದು ಇಲ್ಲ ಅಂತ ಅರ್ಥ ಅಲ್ಲ. ಹೆಚ್ಚಿನ ತೋಟಗಳ ಮಣ್ಣಿನಲ್ಲಿ ಬೇಕಾದಷ್ಟು ಇರುತ್ತದೆ. ಆದರೆ ಅದು ಗಿಡದೊಳಗೆ ನೀರಿನ ಜೊತೆಗೇ ಹರಿಯಬೇಕು. ನೀರನ್ನು ಎಳೆಯುವುದು ಹೆಚ್ಚಾಗಿ ಎಲೆಗಳು, ಯಾಕೆಂದರೆ ನೀರು ಆವಿಯಾಗಿ ಹೋಗುವುದು ಅಲ್ಲಿಂದ. ಕಾಯಿಯಿಂದ ಆವಿಯಾಗುವುದು ತೀರಾ ಕಡಿಮೆ. ಮಣ್ಣು ಒಣಗಿ ನೀರಿಗೆ ಕೊರತೆ ಬಂದಾಗ ಇದ್ದಬದ್ದ ನೀರನ್ನೂ ಕ್ಯಾಲ್ಸಿಯಂ ಅನ್ನೂ ಎಲೆಗಳೇ ತೆಗೆದುಕೊಳ್ಳುತ್ತವೆ, ಕಾಯಿಯ ತುದಿ ಎಲ್ಲಕ್ಕಿಂತ ದೂರದಲ್ಲಿ ಉಳಿದುಬಿಡುತ್ತದೆ. ಒಮ್ಮೆ ಎಲೆಗೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ಕಾಯಿಗೆ ಬರುವುದಿಲ್ಲ. ಎಲೆಗಳ ಮೇಲೆ ಕ್ಯಾಲ್ಸಿಯಂ ಸಿಂಪಡಿಸಿ ಏನೂ ಪ್ರಯೋಜನ ಕಾಣದಿರುವುದಕ್ಕೆ ಇದೇ ಕಾರಣ.

ಮೊಟ್ಟೆ ಸಿಪ್ಪೆಯ ವಿಷಯವೂ ಹಾಗೇ. ಬುಡಕ್ಕೆ ಹಾಕಿದರೆ ಕೆಡುಕಿಲ್ಲ, ಆದರೆ ಅದು ಮಣ್ಣಿನಲ್ಲಿ ಕರಗುವುದಕ್ಕೆ ತುಂಬಾ ಸಮಯ ಬೇಕು, ಈ ಬೆಳೆಗೆ ಅದರಿಂದ ಸಹಾಯ ಆಗುವುದಿಲ್ಲ. ಎಪ್ಸಮ್ ಸಾಲ್ಟ್ ಹಾಕಿ ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಅದರಲ್ಲಿರುವುದು ಮೆಗ್ನೀಷಿಯಂ, ಅದು ಬೇರಿನ ಹತ್ತಿರ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ, ತೊಂದರೆ ಇನ್ನೂ ಹೆಚ್ಚಾಗಬಹುದು.

ಹಾಗಾದರೆ ಏನು ಮಾಡಬೇಕು? ಅಡಿ ಕಪ್ಪಾದ ಕಾಯಿಗಳನ್ನು ಕಿತ್ತುಹಾಕಿ, ಅವು ಸರಿಹೋಗುವುದಿಲ್ಲ, ಸುಮ್ನೆ ಗಿಡದ ಶಕ್ತಿ ತಿನ್ನುತ್ತವೆ. ಮಣ್ಣಿನ ತೇವ ಒಂದೇ ಸಮನಾಗಿ ಇರುವಂತೆ ನೋಡಿಕೊಳ್ಳಿ. ಸಾರಜನಕ ಜಾಸ್ತಿ ಇರುವ ಗೊಬ್ಬರ ನಿಲ್ಲಿಸಿ, ಯಾಕೆಂದರೆ ಎಲೆ ಹೆಚ್ಚಿದಷ್ಟೂ ಕಾಯಿಯ ಪಾಲು ಕಡಿಮೆಯಾಗುತ್ತದೆ. ಬುಡದ ಹತ್ತಿರ ಆಳವಾಗಿ ಅಗೆದು ಬೇರು ಕತ್ತರಿಸಬೇಡಿ. ಮೊದಲ ಗೊಂಚಲಿನ ಕಾಯಿಗಳಲ್ಲಿ ಇದು ಹೆಚ್ಚು, ಬೇರು ಚೆನ್ನಾಗಿ ಹರಡಿದ ಮೇಲೆ ಎಷ್ಟೋ ಗಿಡಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಉದ್ದ ಕಾಯಿಯ ತಳಿಗಳಲ್ಲಿ ಜಾಸ್ತಿ, ಚೆರ್ರಿ ಟೊಮೆಟೊದಲ್ಲಿ ಅಪರೂಪ. ವರ್ಷವೂ ಇದೇ ತೊಂದರೆ ಇದ್ದರೆ ಮಾತ್ರ ಮಣ್ಣಿನ ಪರೀಕ್ಷೆ ಮಾಡಿಸಿ. ಮಣ್ಣಿನ ರಸಸಾರ (pH) 6.0ರಿಂದ 6.8ರ ನಡುವೆ ಇದ್ದರೆ ಟೊಮೆಟೊಗೆ ಹಿತ. ಅದಕ್ಕಿಂತ ಹುಳಿ ಮಣ್ಣಾಗಿದ್ದರೆ ನಾಟಿಗೆ ತಿಂಗಳುಗಟ್ಟಲೆ ಮುಂಚೆಯೇ ಕೃಷಿ ಸುಣ್ಣ ಸೇರಿಸಬೇಕು.

ಹಣ್ಣು ಸೀಳುವುದು ಇದೇ ಕಥೆಯ ಇನ್ನೊಂದು ತುದಿ. ದಿನಗಟ್ಟಲೆ ಒಣಗಿದ ಮಣ್ಣಿಗೆ ಒಮ್ಮೆಲೇ ಜೋರು ಮಳೆ ಬಿದ್ದರೆ ಅಥವಾ ನಾವೇ ಬಕೆಟ್‌ಗಟ್ಟಲೆ ಸುರಿದರೆ ಹಣ್ಣಿನ ಒಳಭಾಗ ಬೇಗ ಉಬ್ಬುತ್ತದೆ, ಸಿಪ್ಪೆಗೆ ಅಷ್ಟು ಬೇಗ ಹಿಗ್ಗಲು ಆಗುವುದಿಲ್ಲ. ಜೋರು ಮಳೆ ಬರುವ ಸೂಚನೆ ಇದ್ದರೆ ಬಣ್ಣ ತಿರುಗಿದ ಹಣ್ಣುಗಳನ್ನು ಮೊದಲೇ ಕೊಯ್ದುಬಿಡಿ.

ನೀರು ಎಷ್ಟು, ಹೇಗೆ? ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ 15-20 ಸೆಂ.ಮೀ. ಆಳಕ್ಕೆ ಇಳಿಯುವ ಹಾಗೆ ಕೊಡುವುದು ಒಳ್ಳೆಯದು. ನೆಲದಲ್ಲಿ ಬೆಳೆದ ಗಿಡಕ್ಕೆ ವಾರಕ್ಕೆ ಒಟ್ಟು 2.5ರಿಂದ 4 ಸೆಂ.ಮೀ. ಮಳೆಯಷ್ಟು ನೀರು ಬೇಕಾಗುತ್ತದೆ, ಮರಳು ಮಣ್ಣಾದರೆ ಹೆಚ್ಚು ಸಲ, ಜೇಡಿಮಣ್ಣಾದರೆ ಕಡಿಮೆ ಸಲ. ಕುಂಡದಲ್ಲಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಬಿಸಿಲು ಕಾಲದಲ್ಲಿ ದಿನಾ ನೋಡಲೇಬೇಕು. ದೊಡ್ಡದಾಗಿ ಬೆಳೆಯುವ ಒಂದು ಗಿಡಕ್ಕೆ ಕನಿಷ್ಠ 20 ಲೀಟರ್ ಮಣ್ಣು ಹಿಡಿಯುವ ಕುಂಡ ಕೊಡಿ, ಚಿಕ್ಕ ಕುಂಡದಲ್ಲಿ ತೇವವನ್ನು ಒಂದೇ ಹದದಲ್ಲಿ ಇಡುವುದು ಯಾರಿಂದಲೂ ಆಗದ ಕೆಲಸ. ನೀರು ಬುಡಕ್ಕೆ ಮಾತ್ರ ಹಾಕಿ. ಎಲೆ ನೆನೆದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಇದರ ಜೊತೆಗೆ ಹೊದಿಕೆ. ಒಣ ಹುಲ್ಲು, ಒಣ ಎಲೆ, ಬೀಜವಾಗದ ಕಳೆ, ಏನು ಸಿಗುತ್ತದೋ ಅದನ್ನು 5-8 ಸೆಂ.ಮೀ. ದಪ್ಪಕ್ಕೆ ಬುಡದ ಸುತ್ತ ಹರಡಿ, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಿ. ಒಂದೇ ಒಂದು ಕೆಲಸ ಮಾಡುವಷ್ಟು ಸಮಯ ಇದೆ ಅಂತಾದರೆ ನಾನು ಇದನ್ನೇ ಮಾಡಿ ಅನ್ನುತ್ತೇನೆ. ತೇವ ಉಳಿಯುತ್ತದೆ, ಮಣ್ಣು ಕಾಯುವುದಿಲ್ಲ, ಮಳೆಹನಿ ಬಿದ್ದು ಮಣ್ಣು ಕೆಳಗಿನ ಎಲೆಗಳಿಗೆ ಸಿಡಿಯುವುದು ನಿಲ್ಲುತ್ತದೆ. ಆ ಸಿಡಿಯುವ ಮಣ್ಣಿನಲ್ಲೇ ಚುಕ್ಕೆ ರೋಗದ ಬೀಜಕಣಗಳು ಇರುವುದು.

ಹೆಜ್ಜೆ 3: ಹೂ ಬಿಡುತ್ತದೆ, ಕಾಯಿ ಕಟ್ಟುತ್ತಿಲ್ಲ

ಮೊದಲು ಥರ್ಮಾಮೀಟರ್ ನೋಡಿ. ಹಗಲು 32-35 ಡಿಗ್ರಿ ಸೆಲ್ಸಿಯಸ್ ದಾಟಿದರೆ, ರಾತ್ರಿಯೂ 24 ಡಿಗ್ರಿಗಿಂತ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಲಸ ಮಾಡುವುದಿಲ್ಲ, ಹೂ ತೊಟ್ಟಿನ ಗಂಟಿನ ಹತ್ತಿರ ಕಳಚಿ ಬೀಳುತ್ತದೆ. ರಾತ್ರಿ 13 ಡಿಗ್ರಿಗಿಂತ ಕೆಳಗೆ ಇಳಿದರೂ ಹೀಗೇ. ಇದಕ್ಕೆ ಔಷಧಿ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನೆರಳು ಪರದೆ ಕಟ್ಟಬಹುದು, ನೀರು ತಪ್ಪದ ಹಾಗೆ ನೋಡಿಕೊಳ್ಳಬಹುದು, ಹವೆ ಬದಲಾದಾಗ ಅದೇ ಗಿಡ ಮತ್ತೆ ಕಾಯಿ ಕಟ್ಟುತ್ತದೆ. ಗಿಡ ಕಿತ್ತುಹಾಕಬೇಡಿ.

ಹವೆ ಸರಿಯಾಗಿದ್ದೂ ಕಾಯಿ ಇಲ್ಲ, ಗಿಡ ಮಾತ್ರ ಕಡು ಹಸಿರಾಗಿ ಪೊದೆಯಂತೆ ಬೆಳೆದಿದೆ ಅಂದರೆ ಸಾರಜನಕ ಜಾಸ್ತಿಯಾಗಿದೆ. ಕೋಳಿ ಗೊಬ್ಬರ, ದನದ ಗಂಜಲ, ಹಿಂಡಿ ನೆನೆಸಿದ ನೀರು ಇವನ್ನೆಲ್ಲ ನಿಲ್ಲಿಸಿ. ಸಾವಯವ ಗೊಬ್ಬರ ಎಷ್ಟು ಹಾಕಿದರೂ ಒಳ್ಳೆಯದೇ ಅನ್ನುವ ನಂಬಿಕೆ ತಪ್ಪು.

ಇನ್ನೊಂದು ಕಾರಣ ಪರಾಗಸ್ಪರ್ಶ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ, ಆದರೆ ಪರಾಗ ಉದುರಬೇಕಾದರೆ ಹೂ ಅಲುಗಾಡಬೇಕು. ಬಯಲಲ್ಲಿ ಗಾಳಿ, ಗುಂಯ್‌ಗುಡುವ ದುಂಬಿಗಳು ಆ ಕೆಲಸ ಮಾಡುತ್ತವೆ. ಬಾಲ್ಕನಿಯಲ್ಲೋ ಪರದೆ ಮನೆಯಲ್ಲೋ ಬೆಳೆಸಿದ್ದರೆ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ, ಇಬ್ಬನಿ ಆರಿದ ಮೇಲೆ, ಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬ್ಯಾಟರಿ ಹಲ್ಲುಜ್ಜುವ ಬ್ರಷ್‌ನ ಹಿಂಭಾಗವನ್ನು ತೊಟ್ಟಿಗೆ ತಾಗಿಸುವವರೂ ಇದ್ದಾರೆ, ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಜ್ಜೆ 4: ಎಲೆಯ ಚುಕ್ಕೆಗಳನ್ನು ಬೇರೆ ಬೇರೆ ಮಾಡಿ ಗುರುತಿಸಿ

ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ, ಚುಕ್ಕೆಯೊಳಗೆ ಒಂದರೊಳಗೊಂದು ಬಳೆಗಳಂಥ ಸುತ್ತುಗಳು, ಸುತ್ತಲೂ ಹಳದಿ. ಇದು ಮುಂಚಿನ ಅಂಗಮಾರಿ. ಆಲ್ಟರ್ನೇರಿಯಾ ಅನ್ನುವ ಶಿಲೀಂಧ್ರದಿಂದ ಬರುತ್ತದೆ. ಚುಕ್ಕೆಗಳು ತೀರಾ ಚಿಕ್ಕದಾಗಿ, ನಡುವೆ ಬೂದು ಬಣ್ಣ ಅಂಚಿನಲ್ಲಿ ಕಡು ಬಣ್ಣ ಇದ್ದು, ನೂರಾರು ಇದ್ದರೆ ಅದು ಸೆಪ್ಟೋರಿಯಾ ಎಲೆಚುಕ್ಕೆ. ಎರಡಕ್ಕೂ ಮಾಡಬೇಕಾದ್ದು ಒಂದೇ. ಒಣಗಿದ ದಿನ ನೋಡಿ ಚುಕ್ಕೆ ಇರುವ ಎಲೆಗಳನ್ನು ಕತ್ತರಿಸಿ ತೆಗೆಯಿರಿ, ಗಿಡ ಎತ್ತರವಾದ ಮೇಲೆ ನೆಲದಿಂದ ಸುಮಾರು 30 ಸೆಂ.ಮೀ. ತನಕ ಎಲೆ ಇಲ್ಲದ ಹಾಗೆ ಖಾಲಿ ಮಾಡಿ, ಕೋಲು ಕೊಟ್ಟು ಕಟ್ಟಿ, ಗಾಳಿ ಆಡಲಿ. ಎಲೆ ನೆನೆದಷ್ಟು ಹೊತ್ತೂ ಶಿಲೀಂಧ್ರಕ್ಕೆ ಅವಕಾಶ, ಅದಕ್ಕೇ ಬುಡಕ್ಕೆ ಮಾತ್ರ ನೀರು ಅಂತ ಹೇಳಿದ್ದು. ಈ ರೋಗಗಳು ನಿಧಾನ. ಗಿಡ ಮೇಲೆ ಬೆಳೆಯುತ್ತಾ, ಕೆಳಗಿನ ಎಲೆ ಕಳೆದುಕೊಳ್ಳುತ್ತಾ, ಒಳ್ಳೆಯ ಫಸಲು ಕೊಡುತ್ತಲೇ ಇರಬಲ್ಲದು.

ತಡವಾಗಿ ಬರುವ ಅಂಗಮಾರಿ ಹಾಗಲ್ಲ. ಇದಕ್ಕೆ ಕಾರಣ ಫೈಟಾಫ್ತೊರಾ ಇನ್ಫೆಸ್ಟನ್ಸ್, 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶ ಮಾಡಿ ಬರಗಾಲ ತಂದದ್ದು ಇದೇ ಜೀವಿ. ತಂಪು ಹವೆ, ಮೋಡ, ಜಿಟಿಜಿಟಿ ಮಳೆ ಇದ್ದಾಗ ಬರುತ್ತದೆ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದು ಬೆಂದಂಥ ಬೂದು ಹಸಿರಿನ ದೊಡ್ಡ ಮಚ್ಚೆಗಳು, ಬೆಳಿಗ್ಗೆ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು, ಕಾಂಡದ ಮೇಲೆ ಕಪ್ಪು ಪಟ್ಟೆಗಳು, ಹಸಿ ಕಾಯಿಯ ಮೇಲೆ ಗಟ್ಟಿಯಾದ ಕಂದು ಕಲೆ. ಕೆಲವೇ ದಿನಗಳಲ್ಲಿ ಇಡೀ ಗಿಡ ಸುಟ್ಟ ಹಾಗಾಗುತ್ತದೆ. ಇಲ್ಲಿ ಕನಿಕರ ಬೇಡ. ಕಾಂಡಕ್ಕೆ ರೋಗ ತಾಗಿದ್ದರೆ ಗಿಡವನ್ನು ಕಿತ್ತು, ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ ಅಥವಾ ಆಳವಾಗಿ ಹೂತುಬಿಡಿ. ಇದರ ಬೀಜಕಣ ಗಾಳಿಯಲ್ಲಿ ತುಂಬಾ ದೂರ ಹೋಗುತ್ತದೆ, ನಿಮ್ಮ ಒಂದು ಗಿಡ ಅಕ್ಕಪಕ್ಕದ ತೋಟಗಳಿಗೂ ಅಪಾಯ. ಹಿಂದಿನ ಬೆಳೆಯಲ್ಲಿ ನೆಲದಲ್ಲೇ ಉಳಿದ ಆಲೂಗಡ್ಡೆ ಮೊಳಕೆ ಬಂದಿದ್ದರೆ ಅದನ್ನೂ ಕಿತ್ತುಹಾಕಿ, ರೋಗ ಅದರಲ್ಲಿ ಉಳಿದುಕೊಂಡು ಬರುತ್ತದೆ.

ಬೋರ್ಡೋ ದ್ರಾವಣದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. 1885ರ ಸುಮಾರಿಗೆ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಿಂದ ಬಂದ ಈ ಮದ್ದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣ. ಶೇ. 1ರ ದ್ರಾವಣಕ್ಕೆ ಲೀಟರ್ ನೀರಿಗೆ ತಲಾ 10 ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿಕೊಂಡು ಆಮೇಲೆ ಬೆರೆಸಬೇಕು, ಅದೇ ದಿನ ಬಳಸಬೇಕು. ಮೈಲುತುತ್ತವನ್ನು ಲೋಹದ ಪಾತ್ರೆಯಲ್ಲಿ ಹಾಕಬಾರದು. ಸಾವಯವ ಬೇಸಾಯದಲ್ಲಿ ಮಿತಿಯೊಳಗೆ ಇದಕ್ಕೆ ಒಪ್ಪಿಗೆ ಇದೆ. ಆದರೆ ಇದು ತಡೆಯುವ ಮದ್ದು, ವಾಸಿ ಮಾಡುವ ಮದ್ದಲ್ಲ. ಎಲೆಯೊಳಗೆ ಹೊಕ್ಕ ರೋಗವನ್ನು ಇದು ಮುಟ್ಟುವುದಿಲ್ಲ. ಜೊತೆಗೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಸೇರಿಕೊಂಡು ಎರೆಹುಳುಗಳಿಗೆ ತೊಂದರೆ ಕೊಡುತ್ತದೆ. ನನ್ನ ಮಟ್ಟಿಗೆ, ಸುತ್ತಮುತ್ತ ಈ ರೋಗ ಬಂದಿರುವುದು ಖಚಿತವಾಗಿ, ಹವೆಯೂ ಅದಕ್ಕೆ ಅನುಕೂಲವಾಗಿದ್ದಾಗ ಮಾತ್ರ ಇದನ್ನು ಹೊರಗೆ ತೆಗೆಯಬೇಕು. ವಾರ ವಾರ ಸುಮ್ನೆ ಹೊಡೆಯುವ ವಸ್ತು ಇದಲ್ಲ.

ಚುಕ್ಕೆ ಇಲ್ಲದೆ ಬರೀ ಹಳದಿಯಾಗಿದ್ದರೆ? ಕೆಳಗಿನ ಎಲೆ ಪೂರ್ತಿ ತಿಳಿಹಳದಿಯಾಗಿದ್ದರೆ ಸಾರಜನಕ ಕಡಿಮೆ, ಚೆನ್ನಾಗಿ ಕೊಳೆತ ಗೊಬ್ಬರ ಅಥವಾ ಎರೆಗೊಬ್ಬರ ಕೊಡಿ. ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಮೆಗ್ನೀಷಿಯಂ ಕಡಿಮೆ. ಅದೇ ಲಕ್ಷಣ ಕುಡಿಯ ಎಲೆಗಳಲ್ಲಿದ್ದರೆ ಕಬ್ಬಿಣದ ಕೊರತೆ, ಅದು ಹೆಚ್ಚಾಗಿ ಕ್ಷಾರದ ಮಣ್ಣಿನಲ್ಲಿ ಅಥವಾ ನೀರು ನಿಲ್ಲುವ ಜಾಗದಲ್ಲಿ ಬರುತ್ತದೆ. ತುಂಬಾ ಕಾಯಿ ಹೊತ್ತ ಹಳೇ ಗಿಡದ ಕೆಳಗಿನ ಎಲೆ ಒಂದೆರಡು ಹಳದಿಯಾದರೆ ಅದಕ್ಕೆ ವಯಸ್ಸಾಗಿದೆ, ಬಿಟ್ಟುಬಿಡಿ.

ಹೆಜ್ಜೆ 5: ಗಿಡ ಇದ್ದಕ್ಕಿದ್ದಂತೆ ಸೊರಗಿದರೆ

ಮಣ್ಣಲ್ಲಿ ತೇವ ಇದೆ, ಎಲೆ ಇನ್ನೂ ಹಸಿರಾಗಿಯೇ ಇದೆ, ಆದರೂ ಗಿಡ ಬಾಡಿದೆ, ರಾತ್ರಿ ಕಳೆದರೂ ಚೇತರಿಸಿಕೊಂಡಿಲ್ಲ. ಆಗ ಈ ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, 5-8 ಸೆಂ.ಮೀ. ಉದ್ದದ ತುಂಡೊಂದನ್ನು ಗಾಜಿನ ಲೋಟದ ಸ್ವಚ್ಛ ನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವ ಹಾಗೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆಗಳು ನೀರಿಗೆ ಇಳಿದರೆ ಅದು ದುಂಡಾಣು ಸೊರಗು ರೋಗ.

ಎಳೆ ಬರಲಿಲ್ಲ, ಆದರೆ ಕೆಳಗಿನಿಂದ ಹಳದಿಯಾಗುತ್ತಾ, ಕೆಲವೊಮ್ಮೆ ಗಿಡದ ಒಂದೇ ಬದಿಗೆ ಬಾಡುತ್ತಾ ಬಂದಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿದರೆ ಸಿಪ್ಪೆಯ ಒಳಗೆ ಕಂದು ಗೆರೆ ಇದೆ ಅಂದರೆ ಫ್ಯುಸೇರಿಯಂ ಅಥವಾ ವರ್ಟಿಸಿಲಿಯಂ ಶಿಲೀಂಧ್ರದ ಸೊರಗು ರೋಗ. ಬೇರು ಕಿತ್ತಾಗ ಗಂಟುಗಂಟಾಗಿ ಊದಿಕೊಂಡಿದ್ದರೆ ಬೇರುಗಂಟು ಜಂತುಹುಳು.

ಮೂರಕ್ಕೂ ನಿಂತ ಗಿಡದಲ್ಲಿ ಚಿಕಿತ್ಸೆ ಇಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಬುಡಕ್ಕೆ ಏನೇನೋ ಸುರಿಯುತ್ತಾ ಕಾಯುವುದರಿಂದ ರೋಗ ನೀರಿನ ಜೊತೆ ಪಕ್ಕದ ಗಿಡಕ್ಕೆ ಹೋಗುತ್ತದೆ, ಅಷ್ಟೇ. ಗಿಡವನ್ನು ಬೇರಿನ ಸುತ್ತಲ ಮಣ್ಣಿನ ಸಮೇತ ತೆಗೆಯಿರಿ, ಬಳಸಿದ ಕತ್ತರಿ, ಗುದ್ದಲಿ ತೊಳೆಯಿರಿ. ಆ ಜಾಗದಲ್ಲಿ ಮುಂದಿನ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ದೊಣ್ಣೆ ಮೆಣಸು, ಆಲೂಗಡ್ಡೆ ಯಾವುದನ್ನೂ ಹಾಕಬೇಡಿ, ಇವೆಲ್ಲ ಒಂದೇ ಕುಟುಂಬ. ಜೋಳ, ಈರುಳ್ಳಿ, ಎಲೆಕೋಸು ಹಾಕಬಹುದು. ಜಂತುಹುಳುವಿಗೆ ಚೆಂಡುಹೂವನ್ನು ಇಡೀ ಮಡಿಯಲ್ಲಿ ದಟ್ಟವಾಗಿ ಎರಡು ಮೂರು ತಿಂಗಳು ಬೆಳೆಸಿದರೆ ನಿಜಕ್ಕೂ ಕಡಿಮೆಯಾಗುತ್ತದೆ. ಟೊಮೆಟೊ ನಡುವೆ ಅಲ್ಲೊಂದು ಇಲ್ಲೊಂದು ನೆಟ್ಟರೆ ಅಂಥ ಪರಿಣಾಮ ಇಲ್ಲ. ಬಿರುಬೇಸಿಗೆಯಲ್ಲಿ ಮಡಿಗೆ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಮುಚ್ಚಿ 4ರಿಂದ 6 ವಾರ ಹೊದಿಸಿಡುವುದು ಇನ್ನೊಂದು ಒಳ್ಳೆಯ ದಾರಿ.

ಬೇರೆ ಜಾಗವೇ ಇಲ್ಲದವರಿಗೆ ಎರಡು ಉಪಾಯ. ಕುಂಡದಲ್ಲಿ ಹೊಸ ಮಣ್ಣಿಗೆ ನೆಡುವುದು, ಅಥವಾ ಬದನೆ ಬೇರಿನ ಮೇಲೆ ಕಸಿ ಕಟ್ಟಿದ ಸಸಿ ತರುವುದು. ರೋಗ ತಡೆಯುವ ಬದನೆ ತಳಿಯ ಬೇರಾದರೆ ದುಂಡಾಣು ಸೊರಗನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಕಸಿ ಸಸಿ ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು, ಹೂತರೆ ಮೇಲಿನ ಕಾಂಡದಿಂದಲೇ ಬೇರು ಬಂದು ಕಸಿಯ ಲಾಭ ಹೋಗುತ್ತದೆ.

ಹೆಜ್ಜೆ 6: ಮುದುಡಿದ ಎಲೆ, ಮೂರು ಬೇರೆ ಬೇರೆ ಕಾರಣ

ಕೆಳಗಿನ, ನಡುವಿನ ಎಲೆಗಳು ಮೇಲಕ್ಕೆ ಸುರುಳಿ ಸುತ್ತಿಕೊಂಡು ದಪ್ಪಗಾಗಿವೆ, ಬಣ್ಣ ಹಸಿರೇ ಇದೆ, ಗಿಡ ಬೆಳೆಯುತ್ತಿದೆ, ಕಾಯಿಯೂ ಇದೆ. ಇದು ಬಿಸಿಲು, ನೀರಿನ ಕೊರತೆ ಅಥವಾ ಒಂದೇ ದಿನ ಜಾಸ್ತಿ ಕುಡಿ ಚಿವುಟಿದ್ದರಿಂದ ಆಗುವುದು. ಚಿಂತೆ ಬೇಡ.

ಕುಡಿಯ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ ಬಟ್ಟಲಿನಂತೆ ಮೇಲಕ್ಕೆ ಮಡಚಿವೆ, ಗಿಡ ಕುಳ್ಳಾಗಿ ಗಿಡ್ಡ ಪೊದೆಯಾಗಿದೆ, ಹೂ ಉದುರುತ್ತಿದೆ. ಇದು ಎಲೆ ಮುಟುರು ವೈರಸ್, ಬಿಳಿನೊಣದಿಂದ ಬರುತ್ತದೆ. ಎಳೆಯ ಗಿಡಕ್ಕೆ ಬಂದರೆ ಫಸಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದನ್ನು ಕಂಡ ಕೂಡಲೇ ತೆಗೆಯಬೇಕು, ಆದರೆ ಸುಮ್ನೆ ಎಳೆದು ಕಿತ್ತರೆ ಅದರ ಮೇಲಿರುವ ಬಿಳಿನೊಣಗಳೆಲ್ಲ ಹಾರಿ ಪಕ್ಕದ ಗಿಡಕ್ಕೆ ಕೂರುತ್ತವೆ. ಬೆಳಗಿನ ತಂಪಿನಲ್ಲಿ, ಅವು ಚುರುಕಾಗುವ ಮೊದಲು, ಇಡೀ ಗಿಡಕ್ಕೆ ಮೇಲಿನಿಂದ ದೊಡ್ಡ ಚೀಲ ಹಾಕಿ, ಬುಡದಲ್ಲಿ ಕಟ್ಟಿ, ಆಮೇಲೆ ಕತ್ತರಿಸಿ. ಸಸಿಗಳನ್ನು ಮೊದಲ ದಿನದಿಂದಲೇ ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸುವುದು ಇದಕ್ಕೆ ಎಲ್ಲಕ್ಕಿಂತ ಗಟ್ಟಿ ರಕ್ಷಣೆ. ಹಳದಿ ಅಂಟು ಹಾಳೆಗಳು ಬಿಳಿನೊಣ ಬಂದಿದೆಯಾ ಅಂತ ತಿಳಿಯುವುದಕ್ಕೆ ಬಹಳ ಒಳ್ಳೆಯವು, ಪೂರ್ತಿ ಹತೋಟಿ ಅವುಗಳಿಂದ ಆಗುವುದಿಲ್ಲ.

ಮೂರನೆಯದು ಅನೇಕರಿಗೆ ಗೊತ್ತೇ ಇಲ್ಲ, ಸಾವಯವ ಬೆಳೆಗಾರರಿಗೆ ಇದು ತಿಳಿದಿರಬೇಕು. ಹೊಸ ಎಲೆಗಳು ಜರೀಗಿಡದ ಎಲೆಯಂತೆ ಸಣ್ಣಗೆ, ತಿರುಚಿಕೊಂಡು ಬರುತ್ತಿವೆ, ಮಡಿಯ ಎಲ್ಲ ಗಿಡಗಳಲ್ಲೂ ಹಾಗೇ ಇದೆ. ಹೊರಗಿನಿಂದ ತಂದ ಗೊಬ್ಬರವನ್ನು ಅನುಮಾನಿಸಿ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್ ಥರದ ಕೆಲವು ಕಳೆನಾಶಕಗಳು ಹುಲ್ಲು ತಿಂದ ದನದ ಹೊಟ್ಟೆಯಲ್ಲೂ ಹಾಳಾಗದೆ ಸಗಣಿಯಲ್ಲಿ ಹೊರಬರುತ್ತವೆ, ಗೊಬ್ಬರದ ಗುಂಡಿಯಲ್ಲೂ ಬಹಳ ಕಾಲ ಉಳಿಯುತ್ತವೆ. ಗೊತ್ತಿಲ್ಲದ ಕಡೆಯಿಂದ ಗೊಬ್ಬರ ತಂದರೆ ಮಡಿಗೆ ಹಾಕುವ ಮೊದಲು ಪರೀಕ್ಷೆ ಮಾಡಿ. ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು, ಎರಡರಲ್ಲೂ ನಾಲ್ಕೈದು ಹುರುಳಿಕಾಯಿ ಬೀಜ. ಎರಡು ಮೂರು ವಾರದಲ್ಲಿ ಗೊಬ್ಬರದ ಕುಂಡದ ಎಲೆಗಳು ಮಾತ್ರ ಬಟ್ಟಲಾಗಿ ತಿರುಚಿದರೆ ಆ ಗೊಬ್ಬರ ಬೇಡ.

ಹೆಜ್ಜೆ 7: ಹುಳುಗಳು

ಕಾಯಿಯಲ್ಲಿ ದುಂಡಗಿನ ತೂತು, ಅರ್ಧ ದೇಹ ಒಳಗೆ ಅರ್ಧ ಹೊರಗೆ ಇಟ್ಟುಕೊಂಡ ಹುಳು. ಇದು ಕಾಯಿಕೊರಕ. ಒಂದೇ ಹುಳು ಒಂದು ಕಾಯಿಯಿಂದ ಇನ್ನೊಂದಕ್ಕೆ ಹೋಗುತ್ತಾ ಹಲವು ಕಾಯಿ ಹಾಳು ಮಾಡುತ್ತದೆ. ಮನೆ ತೋಟದಲ್ಲಿ ಕೈಯಲ್ಲಿ ಹೆಕ್ಕುವುದಕ್ಕಿಂತ ಒಳ್ಳೆಯ ದಾರಿ ಇಲ್ಲ, ತೂತು ಬಿದ್ದ ಕಾಯಿಗಳನ್ನೂ ಹುಳುವಿನ ಸಮೇತ ತೆಗೆಯಿರಿ. ಎತ್ತರ ಬೆಳೆಯುವ ಚೆಂಡುಹೂವು ಅಕ್ಕಪಕ್ಕ ಇದ್ದರೆ ಪತಂಗ ಅಲ್ಲಿ ಮೊಟ್ಟೆ ಇಡಲು ಹೋಗುತ್ತದೆ, ಆದರೆ ಟೊಮೆಟೊ ಹೂ ಬಿಡುವ ಹೊತ್ತಿಗೇ ಅದರಲ್ಲೂ ಹೂ ಇರಬೇಕು, ಹಾಗಾಗಿ ಚೆಂಡುಹೂವಿನ ಬೀಜವನ್ನು ಟೊಮೆಟೊಗಿಂತ ಮೊದಲೇ ಹಾಕಿ.

ಹೆಕ್ಕಿ ಮುಗಿಯದಷ್ಟು ಇದ್ದರೆ ಬಿ.ಟಿ. ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಪುಡಿ ಬಳಸಬಹುದು. ಇದು ಮರಿಹುಳು ತಿಂದರೆ ಮಾತ್ರ ಕೆಲಸ ಮಾಡುತ್ತದೆ, ಚಿಕ್ಕ ಹುಳುಗಳಿಗೇ ಚೆನ್ನಾಗಿ ನಾಟುತ್ತದೆ, ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಸಂಜೆ ಸಿಂಪಡಿಸಿ. ಹುಳು ಕಾಯಿಯೊಳಗೆ ಹೊಕ್ಕ ಮೇಲೆ ಪ್ರಯೋಜನ ಇಲ್ಲ.

ಗಿಡಹೇನಿಗೆ ಜೋರಾದ ನೀರಿನ ಧಾರೆಯೇ ಎಷ್ಟೋ ಸಲ ಸಾಕು. ಕೆಂಪು ನುಸಿಗೂ ಹಾಗೇ. ಒಣ ಬಿಸಿಲಿನಲ್ಲಿ ಎಲೆ ಮೇಲೆ ಸೂಜಿಮೊನೆಯಂಥ ಹಳದಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ನುಸಿ. ಬೆಳಿಗ್ಗೆ ಎಲೆಯ ಅಡಿಗೆ ನೀರು ಹೊಡೆಯಿರಿ, ಬಿಸಿಲಿಗೆ ಬೇಗ ಒಣಗುತ್ತದೆ. ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕರಗುವುದಕ್ಕೆ ಕೆಲವು ಹನಿ ದ್ರವ ಸೋಪು. ಸಂಜೆ ಹೊತ್ತು, ಜೇನುನೊಣ ಹೋದ ಮೇಲೆ, ಮೊದಲು ಒಂದೆರಡು ಎಲೆಗೆ ಹಾಕಿ ಮರುದಿನ ನೋಡಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮತ್ತೆ, ಗುಲಗಂಜಿ ಹುಳು ಮತ್ತು ಅದರ ಮರಿಗಳು ಹೇನು ತಿನ್ನುತ್ತಿರುವುದು ಕಂಡರೆ ಏನೂ ಹೊಡೆಯಬೇಡಿ. ಕೆಲವು ದಿನ ಅವುಗಳಿಗೆ ಬಿಟ್ಟುಕೊಡಿ.

ಹೆಜ್ಜೆ 8: ಮುಂದಿನ ಬೆಳೆಗೆ ಈಗಲೇ ಮಾಡಬೇಕಾದ್ದು

ರೋಗ ಬಂದ ಗಿಡಗಳನ್ನು ಮನೆಯ ಗೊಬ್ಬರ ಗುಂಡಿಗೆ ಹಾಕಬೇಡಿ. ರೋಗಾಣು ಸಾಯಬೇಕಾದರೆ ರಾಶಿ ದಿನಗಟ್ಟಲೆ 55 ಡಿಗ್ರಿಗಿಂತ ಮೇಲೆ ಕಾಯಬೇಕು, ಚಿಕ್ಕ ರಾಶಿಗಳು ಅಷ್ಟು ಕಾಯುವುದು ಕಡಿಮೆ. ಹಳೇ ಕೋಲುಗಳನ್ನು ತೊಳೆದು ಬಿಸಿಲಲ್ಲಿ ಒಣಗಿಸಿ.

ಬೀಜ ಕೊಳ್ಳುವಾಗ ಪ್ಯಾಕೆಟ್ ಮೇಲಿನ ಅಕ್ಷರಗಳನ್ನು ಓದಿ. ವಿ ಅಂದರೆ ವರ್ಟಿಸಿಲಿಯಂ, ಎಫ್ ಅಂದರೆ ಫ್ಯುಸೇರಿಯಂ, ಎನ್ ಅಂದರೆ ಜಂತುಹುಳು, ಟಿ ಅಂದರೆ ತಂಬಾಕು ಮೊಸಾಯಿಕ್ ವೈರಸ್. ಆ ಅಕ್ಷರ ಇದ್ದರೆ ಆ ರೋಗವನ್ನು ತಳಿ ತಾಳಿಕೊಳ್ಳುತ್ತದೆ. ನಿಮ್ಮ ಮಡಿಯಲ್ಲಿ ಯಾವ ತೊಂದರೆ ಇದೆ ಅಂತ ಗೊತ್ತಿದ್ದರೆ ಈ ಅಕ್ಷರಗಳು ಯಾವ ಸ್ಪ್ರೇಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಸಸಿಗಳು ಮೊಳೆತ ಕೆಲವೇ ದಿನಗಳಲ್ಲಿ ಬುಡ ಕೊಳೆತು ಮಗುಚಿಕೊಂಡರೆ ನೀರು ಜಾಸ್ತಿಯಾಗಿದೆ, ಗಾಳಿ ಸಾಲದು. ತೆಳ್ಳಗೆ ಬಿತ್ತಿ, ಹಳೇ ಮಣ್ಣು ಬಳಸಬೇಡಿ, ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಶಿಲೀಂಧ್ರ ಬೆರೆಸಿದ ಗೊಬ್ಬರ ಸೇರಿಸಿ. ನೆಡುವಾಗ ಕೆಳಗಿನ ಎಲೆಗಳನ್ನು ತೆಗೆದು ಕಾಂಡವನ್ನು ಆಳವಾಗಿ ಹೂಳಿ, ಹೂತ ಭಾಗದಿಂದೆಲ್ಲ ಬೇರು ಬರುತ್ತದೆ. ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಜಾಗ ಬಿಡಿ. ಎತ್ತರಕ್ಕೆ ಹಬ್ಬುವ ತಳಿಗಳಲ್ಲಿ ಎಲೆ ಮತ್ತು ಕಾಂಡದ ಸಂದಿಯಲ್ಲಿ ಬರುವ ಬಗಲ ಕುಡಿಗಳನ್ನು ಬೆರಳುದ್ದ ಆಗುವ ಮೊದಲೇ ಚಿವುಟಿ. ಪೊದೆಯಾಗಿ ಬೆಳೆದು ನಿಲ್ಲುವ ತಳಿಗಳಲ್ಲಿ ಚಿವುಟಬೇಡಿ, ಕಾಯಿಯೇ ಕಡಿಮೆಯಾಗುತ್ತದೆ. ಎರಡರಲ್ಲೂ ಕಾಯಿಗೆ ನೆರಳು ಕೊಡುವ ಎಲೆಗಳನ್ನು ಉಳಿಸಿ, ಇಲ್ಲದಿದ್ದರೆ ಬಿಸಿಲು ನೇರವಾಗಿ ಬಿದ್ದು ಕಾಯಿಯ ಮೇಲೆ ಬಿಳಿಚಿದ, ಕಾಗದದಂಥ ಮಚ್ಚೆ ಬೀಳುತ್ತದೆ.

ಹಣ್ಣಿನ ಭುಜ, ಅಂದರೆ ತೊಟ್ಟಿನ ಸುತ್ತಲ ಭಾಗ ಮಾತ್ರ ಹಳದಿಯಾಗಿ ಗಟ್ಟಿಯಾಗಿ ಉಳಿಯುತ್ತಿದ್ದರೆ ಅದು ಸೆಖೆಯ ತೊಂದರೆ. ಕೆಂಪು ಬಣ್ಣ ಕೊಡುವ ಲೈಕೋಪೀನ್ 20-25 ಡಿಗ್ರಿಯಲ್ಲಿ ಚೆನ್ನಾಗಿ ಆಗುತ್ತದೆ, 30 ಡಿಗ್ರಿ ದಾಟಿದರೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅಡಿಯಲ್ಲಿ ಸ್ವಲ್ಪ ಗುಲಾಬಿ ಬಣ್ಣ ತಿರುಗಿದ ಕೂಡಲೇ ಕೊಯ್ದು ಮನೆಯೊಳಗೆ ತಂಪಾದ ಜಾಗದಲ್ಲಿ ಒಂದೇ ಪದರವಾಗಿ ಹರಡಿಡಿ. ಹಣ್ಣಾಗುವುದಕ್ಕೆ ಬೆಳಕು ಬೇಕಿಲ್ಲ, ಆ ಹಂತ ದಾಟಿದ ಕಾಯಿ ಗಿಡದಿಂದ ಬೇರೆಯಾದ ಮೇಲೂ ತಾನಾಗಿಯೇ ಕೆಂಪಾಗುತ್ತದೆ. ಸೀಳುವ, ಹಕ್ಕಿ ಕುಕ್ಕುವ ಭಯವೂ ಇಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಆ ಚಳಿಯಲ್ಲಿ ಹಣ್ಣಾಗುವುದೂ ನಿಲ್ಲುತ್ತದೆ, ರುಚಿಯೂ ಹೋಗುತ್ತದೆ.